ಹೋಮದ ಹೊಗೆಯಲ್ಲಿ ಕೊಂದವರು ಕಾಣುವುದಿಲ್ಲ

ನಾಜಿಗಳು ಸುಮಾರು 60 ಲಕ್ಷ ಯಹೂದಿಗಳನ್ನು ಕೊಂದದ್ದಕ್ಕೆ ಜಗತ್ತಿನಲ್ಲಿ ನಿಂತ ಹೆಸರು 'ಹಾಲೋಕಾಸ್ಟ್'. ಗ್ರೀಕಿನಲ್ಲಿ 'ಹೋಲೋಸ್' ಎಂದರೆ ಪೂರ್ತಿ, 'ಕೌಸ್ಟೋಸ್' ಎಂದರೆ ಸುಟ್ಟದ್ದು. ಪ್ರಾಣಿಯನ್ನು ಇಡಿಯಾಗಿ ಸುಟ್ಟು ದೇವರಿಗೆ ಅರ್ಪಿಸುವ ಬಲಿಗೆ, ಹೀಬ್ರೂ ಬೈಬಲ್ಲನ್ನು ಗ್ರೀಕಿಗೆ ತಂದವರು ಇದೇ ಮೂಲದ ಪದ ಬಳಸಿದ್ದರು. ಇಂಗ್ಲಿಷಿನಲ್ಲಿ ಅದು ದೊಡ್ಡ ಅಗ್ನಿ ಅನಾಹುತಕ್ಕೂ ಹತ್ಯೆಗೂ ಹಬ್ಬಿ, ಎರಡನೇ ಮಹಾಯುದ್ಧದ ನಂತರ ಯಹೂದಿಗಳ ಹತ್ಯೆಗೇ ಅಂಟಿಕೊಂಡಿತು. ಹಲವು ಯಹೂದಿಗಳು ಈ ಪದವನ್ನು ಒಪ್ಪುವುದಿಲ್ಲ. ಕೊಂದವರು ಯಾವ ದೇವರಿಗೆ ಏನನ್ನು ಅರ್ಪಿಸಿದರು ಎಂಬುದು ಅವರ ಪ್ರಶ್ನೆ. ಅವರು 'ಶೋವಾ' ಎನ್ನುತ್ತಾರೆ. ಹೀಬ್ರೂವಿನಲ್ಲಿ ಅದರರ್ಥ ಮಹಾವಿಪತ್ತು. ಕ್ಲೋದ್ ಲಾಂಝ್ಮನ್ 1985ರ ತಮ್ಮ ಒಂಬತ್ತು ಗಂಟೆ ಮೀರಿದ ಸಾಕ್ಷ್ಯಚಿತ್ರಕ್ಕೆ ಇಟ್ಟದ್ದೂ ಅದೇ ಹೆಸರನ್ನು.

ಆ ಪ್ರಶ್ನೆಯನ್ನು ಕನ್ನಡಕ್ಕೂ ಕೇಳಬೇಕೆನಿಸುತ್ತದೆ. ನಮ್ಮ ಪತ್ರಿಕೆಗಳು ಇಂಥ ಕೊಲೆಗಳಿಗೆ ಬಳಸುವ 'ಮಾರಣಹೋಮ', 'ನರಮೇಧ' ಎರಡೂ ಯಜ್ಞಶಾಲೆಯಿಂದ ಬಂದವು. ಮಾರಣವೆಂದರೆ ಶತ್ರುವನ್ನು ಕೊಲ್ಲಲು ಮಾಡುವ ಮಾಂತ್ರಿಕ ಕ್ರಿಯೆ. ಮೇಧವೆಂದರೆ ಅಶ್ವಮೇಧದಲ್ಲಿರುವ ಮೇಧವೇ. ಇಲ್ಲಿ ಮುಂಬಯಿಯಲ್ಲಿ ನಾನು ದಿನವೂ ನೋಡುವ ಹಿಂದಿ ಪತ್ರಿಕೆಗಳು 'ನರಸಂಹಾರ' ಎನ್ನುತ್ತವೆ. ಅದೂ ವಾಸಿಯೇನಲ್ಲ. ಪುರಾಣದಲ್ಲಿ ಸಂಹಾರವಾಗುವುದು ಮಹಿಷಾಸುರನಂಥವರದು. ಸತ್ತವನೇ ತಪ್ಪಿತಸ್ಥ ಎಂಬ ನೆರಳು ಆ ಪದದ ಹಿಂದೆ ಇದೆ.

ರೂಢಿಯಲ್ಲಿ ಸವೆದ ಪದದ ಮೂಲವನ್ನು ಯಾರು ನೆನೆಯುತ್ತಾರೆ ಎನ್ನಬಹುದು. ಮೂಲ ಮರೆತರೂ ವಾಕ್ಯದ ರಚನೆ ಉಳಿದುಕೊಳ್ಳುತ್ತದೆ. 'ಮಾರಣಹೋಮ ನಡೆಯಿತು', 'ನೂರು ಮಂದಿ ಬಲಿ' ಎಂದು ಬರೆದಾಗ ವಾಕ್ಯಕ್ಕೆ ಕರ್ತೃವೇ ಬೇಕಾಗುವುದಿಲ್ಲ. ಭೂಕಂಪಕ್ಕೂ ಬಂದೂಕಿಗೂ ಜನ ಒಂದೇ ರೀತಿ 'ಬಲಿ'ಯಾಗುತ್ತಾರೆ.

1944ರಲ್ಲಿ ರಫಾಯಲ್ ಲೆಮ್ಕಿನ್ 'ಜೆನೊಸೈಡ್' ಎಂಬ ಪದ ಕಟ್ಟಿದಾಗ ಗ್ರೀಕಿನ 'ಜನಾಂಗ'ಕ್ಕೆ ಲ್ಯಾಟಿನ್ನಿನ 'ಕೊಲೆ'ಯನ್ನು ಜೋಡಿಸಿದರು. ಅದರಲ್ಲಿ ದೇವರೂ ಇಲ್ಲ, ಬೆಂಕಿಯೂ ಇಲ್ಲ. 1948ರಲ್ಲಿ ವಿಶ್ವಸಂಸ್ಥೆ ಅದನ್ನು ಅಪರಾಧವೆಂದು ಒಪ್ಪಂದದಲ್ಲಿ ಬರೆಯಿತು. ಅಪರಾಧವೆಂದ ಮೇಲೆ ಅಪರಾಧಿಯನ್ನು ಹುಡುಕಲೇಬೇಕು. ಕನ್ನಡದ 'ಜನಾಂಗಹತ್ಯೆ' ಇದಕ್ಕೆ ಸರಿಸಾಟಿಯಾಗಿದೆ.

ಮಹಾಭಾರತದ ಸರ್ಪಯಾಗ ಅಕ್ಷರಶಃ ಮಾರಣಹೋಮ. ಆದರೆ ಕಥೆ ಅಲ್ಲಿ ಏನನ್ನೂ ಮುಚ್ಚಿಡುವುದಿಲ್ಲ. ಯಜಮಾನ ಜನಮೇಜಯ, ತಂದೆಯ ಸಾವಿಗೆ ಸೇಡು ಅವನ ಕಾರಣ, ತಡೆದವನು ಆಸ್ತೀಕ. ನಮ್ಮ ಸುದ್ದಿಗಳು ಹೋಮವನ್ನು ಮಾತ್ರ ತೆಗೆದುಕೊಂಡು ಯಜಮಾನನನ್ನು ಬಿಟ್ಟಿವೆ. ಪದ ಬದಲಿಸಲು ಆಗದಿದ್ದರೂ, ಯಾರು ಕೊಂದರು ಎಂಬುದನ್ನು ಅದೇ ವಾಕ್ಯದಲ್ಲಿ ಬರೆಯಬಹುದು.