ಹತ್ತು ಸಾವಿರ ತಲಾಂತಿನ ಸಾಲಗಾರ ಯಾರು?

ದಕ್ಷಿಣ ಆಫ್ರಿಕಾದ ಧರ್ಮಗುರು ಡೆಸ್ಮಂಡ್ ಟುಟು ಅವರ ‘ನೋ ಫ್ಯೂಚರ್ ವಿದೌಟ್ ಫರ್ಗಿವ್‌ನೆಸ್’ ಪುಸ್ತಕದಲ್ಲಿ ನಾನು ಹೆಚ್ಚು ಸಲ ತಿರುಗಿ ಓದಿರುವುದು ಬಿಶೋ ಎಂಬ ಊರಿನಲ್ಲಿ ನಡೆದ ವಿಚಾರಣೆಯ ಪುಟಗಳನ್ನು. ಹೆಸರಿಗಷ್ಟೇ ಸ್ವತಂತ್ರವಾಗಿದ್ದ ಸಿಸ್ಕೈ ಸೀಮೆಯ ಸೈನಿಕರು 1992ರ ಸೆಪ್ಟೆಂಬರ್ 7ರಂದು ಅಲ್ಲಿ ಮೆರವಣಿಗೆಯೊಂದರ ಮೇಲೆ ಗುಂಡು ಹಾರಿಸಿ 28 ಪ್ರತಿಭಟನಕಾರರನ್ನು ಕೊಂದರು. ನಾಲ್ಕು ವರ್ಷಗಳ ನಂತರ ಅದೇ ಊರಿನಲ್ಲಿ, ವರ್ಣಭೇದದ ಕಾಲದ ಹಿಂಸೆಯನ್ನು ವಿಚಾರಿಸುತ್ತಿದ್ದ ಸತ್ಯ ಮತ್ತು ಸಂಧಾನ ಆಯೋಗ ಕುಳಿತಾಗ ಸಭಾಂಗಣ ತುಂಬಿದ್ದವರು ಸತ್ತವರ ಮನೆಯವರು ಮತ್ತು ಗಾಯಗೊಂಡು ಬದುಕಿದವರು. ಸಿಸ್ಕೈ ಸೇನೆಯ ಹಿಂದಿನ ಮುಖ್ಯಸ್ಥನ ಮಾತಿನ ಧಾಟಿ ಅವರನ್ನು ಕೆರಳಿಸಿತ್ತು. ಆಮೇಲೆ ಬಂದ ಕರ್ನಲ್ ಹೋರ್ಸ್ಟ್ ಶೋಬೆಸ್‌ಬರ್ಗರ್, ಗುಂಡು ಹಾರಿಸಲು ಅಪ್ಪಣೆ ಕೊಟ್ಟದ್ದು ನಿಜ ಎಂದು ಒಪ್ಪಿಕೊಂಡು, ಜನರ ಕಡೆ ತಿರುಗಿ ಕ್ಷಮೆ ಕೇಳಿದ. ತನ್ನ ಜೊತೆಗಿದ್ದ ಕಪ್ಪು ಅಧಿಕಾರಿಗಳನ್ನು ಮತ್ತೆ ನಿಮ್ಮವರಾಗಿ ಸೇರಿಸಿಕೊಳ್ಳಿ ಎಂದು ಬೇಡಿಕೊಂಡ. ಅಷ್ಟು ಹೊತ್ತು ಕುದಿಯುತ್ತಿದ್ದ ಆ ಜನ ಚಪ್ಪಾಳೆ ತಟ್ಟಿದರು.

ಟುಟು ಇದನ್ನು ದೇವರು ಹತ್ತಿರ ಬಂದ ಗಳಿಗೆಯೆಂದು ಕಂಡರು. ನನಗೂ ಹಾಗೆಯೇ ಅನಿಸುತ್ತದೆ. ಆದರೆ ಅಲ್ಲಿ ಏನೇನು ಕೂಡಿಬಂದಿತ್ತು ಎಂಬುದನ್ನು ಗಮನಿಸಬೇಕು. ಅಪರಾಧಿ ಎದುರಿಗೆ ನಿಂತಿದ್ದ, ತಪ್ಪನ್ನು ಬಾಯಿಬಿಟ್ಟು ಹೇಳಿದ್ದ, ಯಾರಿಗೆ ನೋವಾಗಿತ್ತೋ ಅವರನ್ನೇ ಕೇಳಿದ್ದ. ಈ ಮೂರೂ ಕೂಡಿದ ದಿನಗಳು ಆಯೋಗದ ಬದುಕಿನಲ್ಲಿ ಹೆಚ್ಚಿರಲಿಲ್ಲ. ಪುಸ್ತಕ ಮಾತ್ರ ಆ ಅಪರೂಪದ ದಿನಗಳ ಬೆಳಕಿನಲ್ಲೇ ಉಳಿದ ದಿನಗಳನ್ನೂ ನೋಡುತ್ತದೆ. ಅದರ ಶಕ್ತಿಯೂ ಅದರ ದೋಷವೂ ಇಲ್ಲೇ ಹುಟ್ಟುತ್ತವೆ.

ಶಕ್ತಿಯನ್ನು ಮೊದಲು ಹೇಳುತ್ತೇನೆ, ಏಕೆಂದರೆ ಅದು ಸಣ್ಣದಲ್ಲ. ಕೇಪ್‌ಟೌನಿನ ಆರ್ಚ್‌ಬಿಷಪ್ ಆಗಿದ್ದ ಟುಟು ಅವರನ್ನು ನೆಲ್ಸನ್ ಮಂಡೇಲಾ 1995ರ ಕೊನೆಯಲ್ಲಿ ಆಯೋಗದ ಅಧ್ಯಕ್ಷರನ್ನಾಗಿ ನೇಮಿಸಿದರು. ಮೊದಲ ವಿಚಾರಣೆ 1996ರ ಏಪ್ರಿಲ್ 15ರಂದು ಈಸ್ಟ್ ಲಂಡನ್ ನಗರದಲ್ಲಿ ಶುರುವಾಯಿತು. ವರ್ಣಭೇದದ ಕಾಲದ ಹಿಂಸೆಗೆ ಸಿಕ್ಕವರಲ್ಲಿ 21,000ಕ್ಕೂ ಹೆಚ್ಚು ಮಂದಿ ಹೇಳಿಕೆ ಕೊಟ್ಟರು. ಎರಡನೆಯ ದಿನವೇ, ಚಿತ್ರಹಿಂಸೆಯಿಂದ ಜರ್ಜರಿತನಾಗಿ ವ್ಹೀಲ್‌ಚೇರಿನಲ್ಲಿ ಬಂದಿದ್ದ ಹಿರಿಯ ಹೋರಾಟಗಾರನೊಬ್ಬ ಮಾತು ಮುಂದುವರಿಸಲಾಗದೆ ಕುಸಿದಾಗ, ಟುಟು ಮೇಜಿನ ಮೇಲೆ ತಲೆಯಿಟ್ಟು ಅತ್ತುಬಿಟ್ಟರು. ಪತ್ರಿಕೆಗಳ ಕಣ್ಣು ನೊಂದವರನ್ನು ಬಿಟ್ಟು ತನ್ನ ಮೇಲೆ ಬಿದ್ದದ್ದು ಅವರಿಗೆ ಸರಿಕಾಣಲಿಲ್ಲ. ಇನ್ನು ಸಭೆಯಲ್ಲಿ ಅಳಬಾರದೆಂದು ನಿಶ್ಚಯಿಸಿಕೊಂಡರು. ಕ್ಷಮೆಯನ್ನು ಕುರಿತು ದೂರದಲ್ಲಿ ಕೂತು ಬರೆದ ಪುಸ್ತಕಗಳಿಗೂ ಇದಕ್ಕೂ ಇರುವ ವ್ಯತ್ಯಾಸ ಇಂಥ ಪುಟಗಳಲ್ಲಿ ತಿಳಿಯುತ್ತದೆ.

ಅವರ ದೇವಶಾಸ್ತ್ರ ಒಂದೇ ಕಂಬದ ಮೇಲೆ ನಿಂತಿದೆ: ದೇವರ ಕ್ಷಮೆ ಮನುಷ್ಯನ ಪಶ್ಚಾತ್ತಾಪಕ್ಕಿಂತ ಮೊದಲೇ ಹೊರಡುತ್ತದೆ. ಲೂಕನ ಸುವಾರ್ತೆಯ ಕಥೆಯಲ್ಲಿ, ಮನೆ ಬಿಟ್ಟುಹೋಗಿ ಮರಳುತ್ತಿರುವ ಮಗ ಇನ್ನೂ ದೂರದಲ್ಲಿರುವಾಗಲೇ ತಂದೆ ಅವನ ಕಡೆ ಓಡುತ್ತಾನೆ. ಶಿಲುಬೆಯ ಮೇಲಿನ ಯೇಸು, ಮೊಳೆ ಹೊಡೆದವರು ತಪ್ಪೊಪ್ಪಿಕೊಳ್ಳಲೆಂದು ಕಾಯದೆ ಅವರಿಗಾಗಿ ಪ್ರಾರ್ಥಿಸುತ್ತಾನೆ. ಇದರಿಂದ ಟುಟು ಒಂದು ದಿಟ್ಟ ನಿರ್ಣಯಕ್ಕೆ ಬರುತ್ತಾರೆ: ಅಪರಾಧಿ ಬಂದು ಕೇಳುವವರೆಗೂ ನೊಂದವರು ಕ್ಷಮಿಸಲಾಗದು ಎಂದಾದರೆ, ಅವರ ಬಿಡುಗಡೆಯ ಕೀಲಿ ಅಪರಾಧಿಯ ಕೈಯಲ್ಲೇ ಉಳಿಯುತ್ತದೆ. ಹೊಡೆದವನ ಮನಸ್ಸು ಬದಲಾಗಲೆಂದು ನಾನೇಕೆ ಆಯುಷ್ಯವಿಡೀ ಕಾಯಬೇಕು? ಕ್ಷಮೆಯನ್ನು ದುರ್ಬಲರ ಗುಣವೆಂದು ತಿಳಿದವರು ಈ ಭಾಗವನ್ನು ಓದಲೇಬೇಕು. ನೊಂದವರ ಕೈಗೆ ಅಧಿಕಾರವನ್ನು ಹಿಂದಿರುಗಿಸುವ ಮಾತು ಇದು.

ಆದರೂ ಅದೇ ಲೂಕನಲ್ಲಿ ಇನ್ನೊಂದು ಮಾತಿದೆ. ಹದಿನೇಳನೆಯ ಅಧ್ಯಾಯದಲ್ಲಿ ಯೇಸು, ಸಹೋದರ ತಪ್ಪು ಮಾಡಿದರೆ ಗದರಿಸಬೇಕು, ಅವನು ಮನಸ್ಸು ತಿರುಗಿಸಿದರೆ ಕ್ಷಮಿಸಬೇಕು ಎನ್ನುತ್ತಾನೆ. ಶಿಲುಬೆಯ ಪ್ರಾರ್ಥನೆಗೆ ಷರತ್ತಿಲ್ಲ, ಇಲ್ಲಿ ಇದೆ. ಸುವಾರ್ತೆ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಸುಮ್ಮನಿರುತ್ತದೆ. ಟುಟು ಮೊದಲನೆಯದನ್ನು ಎತ್ತಿ ಹಿಡಿಯುವಷ್ಟು ಎರಡನೆಯದನ್ನು ಹಿಡಿಯುವುದಿಲ್ಲ, ಮತ್ತು ಅದರ ಬೆಲೆಯನ್ನು ಬೇರೆ ಯಾರೋ ತೆತ್ತರು.

ಆ ಬೇರೆಯವರು ಯಾರೆಂದು ನೋಡಲು ಕಾನೂನಿನ ಕಡೆ ಹೋಗಬೇಕು. ಆಯೋಗವನ್ನು ಹುಟ್ಟಿಸಿದ 1995ರ ಕಾಯಿದೆಯ ಪ್ರಕಾರ, ರಾಜಕೀಯ ಉದ್ದೇಶದಿಂದ ಮಾಡಿದ ಅಪರಾಧದ ಪೂರ್ಣ ಸತ್ಯವನ್ನು ಹೇಳಿದವರಿಗೆ ಅಮ್ನೆಸ್ಟಿ ಸಿಗುತ್ತಿತ್ತು. ಅಮ್ನೆಸ್ಟಿ ಸಿಕ್ಕಿದರೆ ಅವರ ಮೇಲೆ ಕ್ರಿಮಿನಲ್ ಮೊಕದ್ದಮೆಯೂ ಇಲ್ಲ, ಪರಿಹಾರ ಕೇಳುವ ಸಿವಿಲ್ ದಾವೆಯೂ ಇಲ್ಲ. ಪಶ್ಚಾತ್ತಾಪ ಬೇಕಿರಲಿಲ್ಲ. ಕ್ಷಮೆ ಕೇಳುವುದೂ ಕಡ್ಡಾಯವಲ್ಲ. ಇದನ್ನು ಟುಟು ಸಮರ್ಥಿಸಿಕೊಳ್ಳುತ್ತಾರೆ: ಕಡ್ಡಾಯ ಮಾಡಿದ್ದರೆ ಅತ್ತವನದು ನಟನೆ ಎನ್ನುತ್ತಿದ್ದೆವು, ಅಳದವನನ್ನು ಕಲ್ಲೆದೆಯವನು ಎನ್ನುತ್ತಿದ್ದೆವು. ಒಪ್ಪತಕ್ಕ ಮಾತೇ. ಕೊನೆಗೆ ಬಂದ 7,112 ಅರ್ಜಿಗಳಲ್ಲಿ 849 ಮಂದಿಗೆ ಮಾತ್ರ ಅಮ್ನೆಸ್ಟಿ ಸಿಕ್ಕಿತು ಎಂಬುದನ್ನೂ ಮರೆಯಬಾರದು. ಬೇಕಾಬಿಟ್ಟಿ ಹಂಚಿದ್ದಲ್ಲ ಅದು.

ಆದರೆ ಈ ಏರ್ಪಾಡು ಹುಟ್ಟಿದ್ದು ಪ್ರಾರ್ಥನಾ ಮಂದಿರದಲ್ಲಲ್ಲ. ಅಧಿಕಾರ ಬಿಡಬೇಕಿದ್ದವರಿಗೂ ಹಿಡಿಯಬೇಕಿದ್ದವರಿಗೂ ನಡುವೆ ನಡೆದ ಮಾತುಕತೆಯಲ್ಲಿ ಹುಟ್ಟಿ, 1993ರ ಮಧ್ಯಂತರ ಸಂವಿಧಾನದ ಕೊನೆಯ ಭಾಗದಲ್ಲಿ ಸೇರಿಕೊಂಡಿತು. ದೇಶ ರಕ್ತದಲ್ಲಿ ಮುಳುಗದಿರಲು ಅದು ಅಗತ್ಯವಾಗಿದ್ದಿರಬಹುದು. ಅಗತ್ಯ ಎಂದಷ್ಟೇ ಹೇಳಿ ನಿಲ್ಲಿಸಿದ್ದರೆ ನನಗೆ ತಕರಾರಿರಲಿಲ್ಲ. ಆದರೆ ಟುಟು ನೇರಳೆ ನಿಲುವಂಗಿ ತೊಟ್ಟು, ಮೇಣದಬತ್ತಿ ಹಚ್ಚಿ, ಪ್ರಾರ್ಥನೆಯೊಂದಿಗೆ ವಿಚಾರಣೆ ಆರಂಭಿಸುತ್ತಿದ್ದರು. ಒಮ್ಮೆ ಪ್ರಾರ್ಥನೆಯ ಬದಲು ಬರಿಯ ಮೌನದಿಂದ ಶುರುಮಾಡಲು ಹೋಗಿ ತಮ್ಮಿಂದ ಆಗಲಿಲ್ಲವೆಂದು ಅವರೇ ಬರೆದಿದ್ದಾರೆ. ರಾಜ್ಯದ ಒಪ್ಪಂದ ಹೀಗೆ ಸುವಾರ್ತೆಯ ದನಿಯಲ್ಲಿ ಮಾತಾಡತೊಡಗಿದಾಗ, ಅದನ್ನು ಬೇಡವೆಂದ ತಾಯಿ ಸರ್ಕಾರವನ್ನಷ್ಟೇ ವಿರೋಧಿಸಿದವಳಾಗಿ ಉಳಿಯಲಿಲ್ಲ. ದೇವರಿಗೂ ಬೆನ್ನು ತಿರುಗಿಸಿದವಳಂತೆ ಕಂಡಳು.

ಚಾರಿಟಿ ಕೊಂಡಿಲೆ ಅಂಥ ತಾಯಿ. ಅವರ ಮಗ ಸಿಜ್ವೆ ಕೊಂಡಿಲೆಯನ್ನು ಪೊಲೀಸರು 1981ರಲ್ಲಿ ಕೊಂದು ದೇಹವನ್ನು ಸುಟ್ಟಿದ್ದರು. ಆ ಕೃತ್ಯದಲ್ಲಿ ಪಾಲಿದ್ದ ಡರ್ಕ್ ಕುಟ್ಸೀ ಕ್ಷಮೆ ಕೇಳಿದಾಗ ಆಕೆ ಕೊಡಲಿಲ್ಲ. ಮಂಡೇಲಾ, ಟುಟು ಅವರಂಥವರ ಬದುಕಿಗೆ ಗೆಲುವಿನ ಅರ್ಥ ಸಿಕ್ಕಿದೆ, ಅವರಿಗೆ ಕ್ಷಮಿಸುವುದು ಸುಲಭ, ನನ್ನ ಬದುಕಿನಲ್ಲಿ ಏನೂ ಬದಲಾಗಿಲ್ಲ ಎಂಬ ಅರ್ಥದ ಮಾತು ಆಡಿದರು. ಈ ಮಾತನ್ನು ಆಂಟ್ಯೆ ಕ್ರೋಗ್ ತಮ್ಮ ‘ಕಂಟ್ರಿ ಆಫ್ ಮೈ ಸ್ಕಲ್’ (1998) ಪುಸ್ತಕದಲ್ಲಿ ದಾಖಲಿಸಿದ್ದಾರೆ. ವರ್ಣಭೇದದ ಕಾಲದಲ್ಲಿ ತಮ್ಮವರನ್ನು ಕಳೆದುಕೊಂಡ ಸ್ಟೀವ್ ಬಿಕೊ, ಮ್ಶೆಂಗೆ, ರಿಬೇರೊ ಕುಟುಂಬದವರು ಅಮ್ನೆಸ್ಟಿಯನ್ನೇ ಪ್ರಶ್ನಿಸಿ ಸಂವಿಧಾನ ನ್ಯಾಯಾಲಯಕ್ಕೆ ಹೋಗಿ 1996ರ ಜುಲೈನಲ್ಲಿ ಸೋತರು. ಟುಟು ಇವರನ್ನು ಹಳಿಯುವುದಿಲ್ಲ. ಕ್ಷಮಿಸದಿರಲು ಅವರಿಗೆ ಹಕ್ಕಿದೆ ಎಂದು ಗೌರವದಿಂದಲೇ ಕಾಣುತ್ತಾರೆ. ಆದರೆ ಪುಸ್ತಕದ ಹೃದಯ ಮಿಡಿಯುವುದು ಕ್ಷಮಿಸಿದವರಿಗೆ. ಕ್ಷಮಿಸದವರು ಅಲ್ಲಿ ಅಪವಾದಗಳು. ಅವರಲ್ಲಿಯೂ ಒಂದು ಪ್ರವಾದನೆಯ ದನಿ ಇರಬಹುದೆಂದು ಪುಸ್ತಕ ಕಿವಿಗೊಡುವುದಿಲ್ಲ.

ಮತ್ತಾಯನ ಹದಿನೆಂಟನೆಯ ಅಧ್ಯಾಯದ ಸಾಮ್ಯ ಇಲ್ಲಿ ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ರಾಜನೊಬ್ಬ ತನ್ನ ಆಳಿನ ಹತ್ತು ಸಾವಿರ ತಲಾಂತು ಸಾಲವನ್ನು ಮನ್ನಾ ಮಾಡುತ್ತಾನೆ. ಆ ಆಳು ಹೊರಗೆ ಬಂದವನೇ, ತನಗೆ ನೂರು ದೀನಾರಿ ಕೊಡಬೇಕಿದ್ದ ಜೊತೆಯ ಆಳಿನ ಕತ್ತು ಹಿಸುಕುತ್ತಾನೆ. ದೀನಾರಿ ಎಂದರೆ ಆಗಿನ ಒಂದು ದಿನದ ಕೂಲಿ. ತಲಾಂತು ಎಂದರೆ ಸುಮಾರು ಆರು ಸಾವಿರ ದೀನಾರಿ. ಆರು ಕೋಟಿ ದಿನಗಳ ಕೂಲಿಯ ಎದುರಿಗೆ ನೂರು ದಿನಗಳ ಕೂಲಿ! ಪ್ರಸಂಗಪೀಠದಿಂದ ಈ ಕಥೆ ಕೇಳಿದಾಗಲೆಲ್ಲ ನೊಂದವರನ್ನೇ ಆ ನಿರ್ದಯಿ ಆಳಿನ ಜಾಗದಲ್ಲಿ ನಿಲ್ಲಿಸುವುದು ರೂಢಿ: ದೇವರು ನಿನ್ನನ್ನು ಇಷ್ಟು ಕ್ಷಮಿಸಿದ್ದಾನೆ, ನೀನು ಅವನನ್ನು ಅಷ್ಟಾದರೂ ಕ್ಷಮಿಸು. ದಕ್ಷಿಣ ಆಫ್ರಿಕಾದಲ್ಲಿ ಆ ಜಾಗ ಯಾರದು? ದೊಡ್ಡ ಸಾಲ ಮನ್ನಾ ಆದದ್ದು ಯಾರಿಗೆ? ಕೊಂದವರಿಗೆ, ಕೊಲ್ಲಿಸಿದವರಿಗೆ, ಮೂರು ತಲೆಮಾರು ಅಗ್ಗದ ಕೂಲಿಯ ಮೇಲೆ ಮನೆ, ಗಣಿ, ತೋಟ ಕಟ್ಟಿಕೊಂಡವರಿಗೆ. ಆಯೋಗ ಅವರಿಂದ ಕೇಳಿದ್ದು ಅದಕ್ಕೆ ಹೋಲಿಸಿದರೆ ನೂರು ದೀನಾರಿಯಷ್ಟೇ: ಸಿರಿವಂತರ ಮೇಲೆ ಒಂದು ತೆರಿಗೆ, ಬಲಿಯಾದವರಿಗೆ ಆರು ವರ್ಷ ಪ್ರತಿವರ್ಷ ಒಂದಿಷ್ಟು ಹಣ. 2003ರಲ್ಲಿ ಅಧ್ಯಕ್ಷ ಥಾಬೊ ಎಂಬೆಕಿ ಆ ತೆರಿಗೆಯನ್ನು ತಳ್ಳಿಹಾಕಿ, ಒಬ್ಬೊಬ್ಬರಿಗೆ ಒಂದೇ ಸಲ 30,000 ರ್‍ಯಾಂಡ್ ಘೋಷಿಸಿದರು.

ಸಾಮ್ಯವನ್ನು ಹೀಗೆ ಓದಿದರೆ ಅದರ ಕೋಪ ಸರಿಯಾದ ಕಡೆ ತಿರುಗುತ್ತದೆ. ಅದೇ ಅಧ್ಯಾಯದಲ್ಲಿ, ಈ ಕಥೆಗೆ ಮುಂಚೆ, ತಪ್ಪು ಮಾಡಿದ ಸಹೋದರನನ್ನು ಮೊದಲು ಒಬ್ಬನೇ ಹೋಗಿ, ಆಮೇಲೆ ಸಾಕ್ಷಿಗಳೊಡನೆ, ಕೊನೆಗೆ ಸಭೆಯ ಮುಂದೆ ಪ್ರಶ್ನಿಸಬೇಕೆಂಬ ಕ್ರಮವೂ ಇದೆ. ಪ್ರಶ್ನಿಸುವುದು ಮೊದಲು ಬರುತ್ತದೆ, ಎಪ್ಪತ್ತೇಳು ಸಲ ಕ್ಷಮಿಸಬೇಕೆಂಬ ಲೆಕ್ಕ ಆಮೇಲೆ.

ಟುಟು ಇದನ್ನು ಅರಿಯದವರಲ್ಲ. ತಪ್ಪೊಪ್ಪಿಗೆ, ಕ್ಷಮೆ, ನಷ್ಟ ತುಂಬಿಕೊಡುವಿಕೆ ಇವು ಒಂದೇ ಸರಣಿಯವು ಎಂದು ಅವರೇ ಬರೆಯುತ್ತಾರೆ. ಉಳ್ಳವರಿಗೂ ಇಲ್ಲದವರಿಗೂ ನಡುವಿನ ಕಂದಕ ಮುಚ್ಚದಿದ್ದರೆ, ಗುಡಿಸಲುಗಳ ಜಾಗದಲ್ಲಿ ಮನೆಗಳು ಏಳದಿದ್ದರೆ, ಸಂಧಾನವನ್ನು ಮರೆತುಬಿಡಬೇಕೆಂದು ಎಚ್ಚರಿಸುತ್ತಾರೆ. ಆದರೆ ಇದು ಪುಸ್ತಕದಲ್ಲಿ ಎಚ್ಚರಿಕೆಯಾಗಿ ಬರುತ್ತದೆ, ದೇವಶಾಸ್ತ್ರವಾಗಿ ಬರುವುದಿಲ್ಲ. ಲೂಕನ ಹತ್ತೊಂಬತ್ತನೆಯ ಅಧ್ಯಾಯದ ಸುಂಕದ ಜಕ್ಕಾಯ, ಮೋಸದಿಂದ ಕಿತ್ತುಕೊಂಡದ್ದನ್ನು ನಾಲ್ಕರಷ್ಟು ಹಿಂದಿರುಗಿಸುತ್ತೇನೆಂದ ಮೇಲೆಯೇ ಆ ಮನೆಗೆ ರಕ್ಷಣೆ ಬಂತೆಂದು ಯೇಸು ಸಾರುತ್ತಾನೆ. ಯೇಸು ಅವನ ಮನೆಗೆ ಹೋದದ್ದು ಅದಕ್ಕೂ ಮೊದಲೇ, ನಿಜ. ಕೃಪೆ ಮುಂದೆ ನಡೆಯಿತು. ಹಣವೂ ಹಿಂದೆಯೇ ಬಂತು. ಮುಂದೆ ನಡೆಯುವ ಕೃಪೆಗೆ ಈ ಪುಸ್ತಕ ಅಧ್ಯಾಯಗಳನ್ನೇ ಕೊಟ್ಟಿದೆ. ಹಿಂದೆ ಬರಬೇಕಾದ ಹಣದ ಮೇಲೆ ಅಷ್ಟೇ ಪ್ರೀತಿಯಿಂದ, ಅಷ್ಟೇ ಬೈಬಲ್ ಬಲದಿಂದ ಬರೆದಿದ್ದರೆ ಇದು ಇನ್ನೂ ದೊಡ್ಡ ಪುಸ್ತಕವಾಗುತ್ತಿತ್ತು.

ನಮ್ಮ ದೇಶದಲ್ಲೂ ಕ್ಷಮೆ ಮತ್ತು ನ್ಯಾಯದ ಈ ಪ್ರಶ್ನೆ ಎದ್ದದ್ದು ಟುಟು ಪುಸ್ತಕ ಬಂದ ವರ್ಷವೇ. 1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ, ಕುಷ್ಠರೋಗಿಗಳ ಸೇವೆಯಲ್ಲಿದ್ದ ಗ್ರಹಾಂ ಸ್ಟೇನ್ಸ್ ಅವರನ್ನೂ ಇಬ್ಬರು ಗಂಡುಮಕ್ಕಳನ್ನೂ ವಾಹನದೊಳಗೆ ಸುಟ್ಟು ಕೊಂದರು. ಅವರ ಪತ್ನಿ ಗ್ಲಾಡಿಸ್ ಸ್ಟೇನ್ಸ್ ಕ್ಷಮಿಸಿದ್ದೇನೆ ಎಂದರು. ಕ್ಷಮಿಸಿದ್ದು ತಮ್ಮ ಹೆಸರಿನಲ್ಲಿ, ತಮಗಾದ ನೋವಿಗೆ. ಮೊಕದ್ದಮೆ ನಡೆಯಿತು, ಮುಖ್ಯ ಅಪರಾಧಿಯ ಜೀವಾವಧಿ ಶಿಕ್ಷೆಯನ್ನು 2011ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಆಕೆಯ ಕ್ಷಮೆ ಅದರಿಂದ ಒಂದಿಷ್ಟೂ ಕುಂದಲಿಲ್ಲ. ಕ್ಷಮಿಸುವವರು ಬೇರೆ, ತೀರ್ಪು ಕೊಡುವವರು ಬೇರೆ ಆಗಿ ಉಳಿದದ್ದರಿಂದಲೇ ಆ ಕ್ಷಮೆ ಅಷ್ಟು ಸ್ವಚ್ಛವಾಗಿ ಕಂಡಿತು. ಅದೇ ಕ್ಷಮೆಯ ಹೆಸರನ್ನು ನಮ್ಮ ಚರ್ಚುಗಳಲ್ಲಿ, ಕುಡಿದು ಬಂದು ಹೊಡೆಯುವ ಗಂಡನ ಮನೆಗೆ ಹೆಣ್ಣುಮಗಳನ್ನು ಮರಳಿ ಕಳಿಸಲು ಬಳಸುವುದನ್ನು ಕೇಳಿದಾಗ ನನ್ನ ಮೈ ಉರಿಯುತ್ತದೆ. ಹೊಡೆಯುವವನನ್ನು ಕರೆದು ಕೇಳುವ ಧೈರ್ಯವಿಲ್ಲದ ಸಭೆ, ಹೊಡೆತ ತಿಂದವಳಿಗೆ ಸುವಾರ್ತೆ ಬೋಧಿಸುತ್ತದೆ.

ಟುಟು 2014ರಲ್ಲಿ ಮಗಳು ಎಂಪೋ ಜೊತೆ ಬರೆದ ‘ದಿ ಬುಕ್ ಆಫ್ ಫರ್ಗಿವಿಂಗ್’ ಈ ವಿಷಯದಲ್ಲಿ ಹೆಚ್ಚು ಎಚ್ಚರವಾಗಿದೆ. ನಡೆದದ್ದನ್ನು ಹೇಳುವುದು, ನೋವನ್ನು ಹೆಸರಿಸುವುದು, ಆಮೇಲೆ ಕ್ಷಮಿಸುವುದು, ಕೊನೆಗೆ ಸಂಬಂಧವನ್ನು ಹೊಸದು ಮಾಡಿಕೊಳ್ಳುವುದು ಅಥವಾ ಬಿಟ್ಟುಬಿಡುವುದು. ಬಿಟ್ಟುಬಿಡಬಹುದು ಎಂಬ ಆ ಅನುಮತಿ ಎಷ್ಟೋ ಜನರ ಪ್ರಾಣ ಉಳಿಸಬಲ್ಲದು. ಬರಹವಾಗಿ ಅದು ತೆಳುವಾದದ್ದು, ನೇರವಾದದ್ದು. ಮೊದಲ ಪುಸ್ತಕದ ಕಾವು ಅದರಲ್ಲಿಲ್ಲ.

ಮೊದಲ ಪುಸ್ತಕದಲ್ಲೇ ಅದರ ವಾದವನ್ನು ಮೀರುವ ಒಬ್ಬ ಹುಡುಗಿ ಇದ್ದಾಳೆ. 1985ರಲ್ಲಿ ಪೊಲೀಸರು ಕೊಂದ ಕ್ರಾಡಕ್‌ನ ನಾಲ್ವರು ಹೋರಾಟಗಾರರಲ್ಲಿ ಒಬ್ಬರಾದ ಸಿಸೆಲೊ ಮ್ಹ್ಲೌಲಿ ಅವರ ಮಗಳು ಬಬಾಲ್ವಾ. ಆಯೋಗದ ಮುಂದೆ ಬಂದು ಆಕೆ, ನಮಗೆ ಕ್ಷಮಿಸುವ ಮನಸ್ಸಿದೆ, ಯಾರನ್ನು ಕ್ಷಮಿಸಬೇಕೆಂಬುದೇ ಗೊತ್ತಿಲ್ಲ ಎಂಬರ್ಥದ ಮಾತು ಹೇಳಿದಳು. ಟುಟು ಇದನ್ನು ಉದಾರತೆಯ ಉದಾಹರಣೆಯಾಗಿ ಇಡುತ್ತಾರೆ. ನನಗೆ ಅದು ಬೇಡಿಕೆಯಾಗಿಯೂ ಕೇಳಿಸುತ್ತದೆ: ಹೆಸರು ಕೊಡಿ. ಆ ಕೊಲೆಗೆ ಅಮ್ನೆಸ್ಟಿ ಕೇಳಿದ ಪೊಲೀಸರ ಅರ್ಜಿಯನ್ನು 1999ರಲ್ಲಿ ತಿರಸ್ಕರಿಸಲಾಯಿತು. ತಿರಸ್ಕರಿಸಿದ ಮೇಲೆ ಮೊಕದ್ದಮೆ ಹೂಡಬೇಕಿತ್ತು; ಯಾವ ಸರ್ಕಾರವೂ ಹೂಡಲಿಲ್ಲ. ಆ ಸಾವುಗಳ ಬಗ್ಗೆ ಹೊಸದಾಗಿ ನ್ಯಾಯಾಂಗ ತನಿಖೆ 2025ರ ಜೂನ್‌ನಲ್ಲಿ ಶುರುವಾಗುವಷ್ಟರಲ್ಲಿ ಆ ಪೊಲೀಸರು ತೀರಿಕೊಂಡಿದ್ದರು. ಅದೇ ವರ್ಷ, ನಾಲ್ವರಲ್ಲಿ ಇನ್ನೊಬ್ಬರಾದ ಫೋರ್ಟ್ ಕಲಾಟಾ ಅವರ ಮಗ ಲುಖಾನ್ಯೊ, ವರ್ಣಭೇದದ ಕಾಲದಲ್ಲಿ ತಮ್ಮವರನ್ನು ಕಳೆದುಕೊಂಡ ಇತರ ಕುಟುಂಬಗಳ ಜೊತೆ ಸೇರಿ ತಮ್ಮದೇ ಸರ್ಕಾರದ ಮೇಲೆ ಕೋರ್ಟಿಗೆ ಹೋದರು. ಆಯೋಗ ಕಳಿಸಿದ ಪ್ರಕರಣಗಳನ್ನು ಯಾರು, ಏಕೆ ತಡೆಹಿಡಿದರು ಎಂಬುದನ್ನು ಹೇಳಬೇಕೆಂದು ಅವರು ಕೇಳಿದರು.