ಇನಿಷಿಯಲ್ ಬಿಡಿಸುವ ಸುಖ: ರೋಮನ್ ಹೆಸರಿನ ರಸಿಕರಿಗೊಂದು ಕೈಪಿಡಿ

ಗಾಯಸ್ ಜೂಲಿಯಸ್ ಸೀಸರ್, ಮಾರ್ಕಸ್ ಟುಲ್ಲಿಯಸ್ ಸಿಸೆರೋ ಎಂಬ ಹೆಸರುಗಳನ್ನು ಶಾಲೆಯಲ್ಲಿ ಉರು ಹೊಡೆದವರು ನಾವು. ಆ ಮೂರು ತುಂಡುಗಳಿಗೂ ಒಂದೊಂದು ಕೆಲಸವಿದೆ ಎಂದು ಯಾರೂ ಹೇಳಿಕೊಡಲಿಲ್ಲ. ಅದನ್ನು ಕಲಿಯಲು ರೋಮಿಗೇ ಹೋಗಬೇಕೆಂದಿಲ್ಲ, ತಮಿಳುನಾಡಿನ ತೇನಿಗೆ ಹೋದರೂ ಆದೀತು.

ತೇನಿಯ ಗೋಡೆಗಳ ಮೇಲೆ ಕಾಣುವ ರಾಜಕಾರಣಿಗಳ ಹೆಸರನ್ನೇ ನೋಡಿ. ಮೂರು ಬಾರಿ ಮುಖ್ಯಮಂತ್ರಿಯಾದ ಓ. ಪನ್ನೀರ್‌ಸೆಲ್ವಂ ಅವರ 'ಓ' ಎಂದರೆ ತಂದೆ ಒಟ್ಟಕ್ಕಾರ ತೇವರ್. ಅವರ ತಮ್ಮ ರಾಜಾ ಅವರಿಗೂ ಅದೇ 'ಓ'. 2019ರಲ್ಲಿ ತೇನಿಯ ಸಂಸದರಾದ, ಪನ್ನೀರ್‌ಸೆಲ್ವಂ ಅವರ ಮಗ ರವೀಂದ್ರನಾಥ್ ಅವರಿಗೆ ಬಂದರೆ ಅದು 'ಪಿ' ಆಗುತ್ತದೆ. ಒಂದೇ ಮನೆ, ತಲೆಮಾರು ಬದಲಾದರೆ ಅಕ್ಷರವೂ ಬದಲು.

ಈಗ ಸಿಸೆರೋನ ಪೂರ್ತಿ ಹೆಸರನ್ನು ರೋಮಿನ ದಫ್ತರದ ರೀತಿಯಲ್ಲಿ ಬರೆಯೋಣ: ಎಂ. ಟುಲ್ಲಿಯಸ್ ಎಂ.ಎಫ್. ಎಂ.ಎನ್. ಕಾರ್. ಸಿಸೆರೋ. ಮೊದಲ ಎಂ ಅವನದೇ ಹೆಸರು, ಮಾರ್ಕಸ್. ಟುಲ್ಲಿಯಸ್ ಕುಲದ್ದು. ಎಂ.ಎಫ್. ಅಂದರೆ ಮಾರ್ಕಸನ ಮಗ, ಎಂ.ಎನ್. ಅಂದರೆ ಮಾರ್ಕಸನ ಮೊಮ್ಮಗ, ಕಾರ್ ಎಂಬುದು ಮತ ಹಾಕುವ ಗಣ. ಕೊನೆಯ ಸಿಸೆರೋ ಕವಲಿನ ಹೆಸರು. ಅಜ್ಜ, ಅಪ್ಪ, ಮಗ ಮೂವರೂ ಮಾರ್ಕಸರೇ.

ರಸ ಇರುವುದು ಇಲ್ಲಿಯೇ. ರೋಮನ್ ಗಂಡಸರಿಗೆ ಬಳಕೆಯಲ್ಲಿದ್ದ ಮೊದಲ ಹೆಸರುಗಳು ಹೆಚ್ಚೆಂದರೆ 18ರಷ್ಟು. ಹಾಗಾಗಿ ಎಂ. ಕಂಡರೆ ಮಾರ್ಕಸ್, ಕ್ಯೂ. ಕಂಡರೆ ಕ್ವಿಂಟಸ್ ಎಂದು ಸಾಮ್ರಾಜ್ಯದ ಯಾವ ಮೂಲೆಯವನೂ ಓದಿಬಿಡುತ್ತಿದ್ದ. (ಸಿ. ಎಂದು ಬರೆದು ಗಾಯಸ್ ಎಂದು ಓದಬೇಕು. ಲ್ಯಾಟಿನ್ನಿಗೆ 'ಜಿ' ಅಕ್ಷರ ಬರುವ ಮುಂಚಿನ ರೂಢಿ ಹಾಗೇ ಉಳಿದುಬಿಟ್ಟಿದೆ.) ತೇನಿಯ 'ಓ' ಹಾಗಲ್ಲ. ಊರಿನವರನ್ನು ಕೇಳದೆ ಅದು ಬಿಚ್ಚಿಕೊಳ್ಳುವುದಿಲ್ಲ. ರೋಮನ್ ಅಕ್ಷರಕ್ಕಿಂತ ಇದೇ ಹೆಚ್ಚು ಗುಟ್ಟಿನದು, ನನಗೆ ಹೆಚ್ಚು ಇಷ್ಟವಾಗುವುದೂ ಇದೇ.

ಆ ರೋಮನ್ ಅಕ್ಷರಗಳು ನಾಣ್ಯಗಳ ಮೇಲೆ ಈ ಕಡೆಗೂ ಬಂದಿದ್ದವು. ದಿಂಡಿಗಲ್ ಜಿಲ್ಲೆಯ ಪಳನಿ ಬಳಿಯ ಕಳೈಯಮುತ್ತೂರಿನಲ್ಲಿ 19ನೇ ಶತಮಾನದಲ್ಲಿ ರೋಮನ್ ಚಿನ್ನದ ನಾಣ್ಯಗಳು ಸಿಕ್ಕಿದ್ದವು. ತಮಿಳುನಾಡಿನಲ್ಲಿ ಹೇರಳವಾಗಿ ಸಿಗುವುದು ಆಗಸ್ಟಸ್ ಮತ್ತು ಟೈಬೀರಿಯಸರ ನಾಣ್ಯಗಳು. ಟೈಬೀರಿಯಸನ ನಾಣ್ಯ ಮ್ಯೂಸಿಯಮ್ಮಿನಲ್ಲಿ ಕಂಡರೆ ತಲೆಯ ಸುತ್ತ ಇರುವ ಬರಹದಲ್ಲಿ ಒಂಟಿ 'ಎಫ್' ಹುಡುಕಿ. ದೇವತ್ವಕ್ಕೇರಿದ ಆಗಸ್ಟಸನ ಮಗ ಎಂದು ಸಾರುವ ಅಕ್ಷರ ಅದು. ಟೈಬೀರಿಯಸ್ ದತ್ತುಮಗ. ಆದರೂ ಚಕ್ರವರ್ತಿಗೆ ಅಪ್ಪನ ಇನಿಷಿಯಲ್ ಬೇಕೇ ಬೇಕಾಯಿತು.

ರೋಮನ್ ಹೆಸರಿನ ಮೂರನೆಯ ತುಂಡು ಹುಟ್ಟಿದ್ದು ಬಹುಪಾಲು ಅಡ್ಡಹೆಸರಿನಿಂದ. ಸಿಸೆರೋನ ಪೂರ್ವಿಕನ ಮೂಗಿನ ತುದಿ ಕಡಲೆಕಾಳಿನಂತೆ ಸೀಳಿತ್ತು, ಅದಕ್ಕೇ ಆ ಹೆಸರು ಎನ್ನುತ್ತಾನೆ ಪ್ಲುಟಾರ್ಕ್. ತಮಿಳುನಾಡಿನಲ್ಲಿ ಈ ಜಾಗ ಈಗ ಖಾಲಿ. 1929ರ ಚೆಂಗಲ್ಪಟ್ಟು ಸ್ವಾಭಿಮಾನ ಸಮ್ಮೇಳನ ಜಾತಿಯ ಬಾಲ ಕತ್ತರಿಸಿ ಎಂದಿತು, ಪೆರಿಯಾರ್ 'ನಾಯ್ಕರ್' ಕೈಬಿಟ್ಟರು. ತೇನಿ ಜಿಲ್ಲೆಯ ಕಂಬಂ ಸುತ್ತ ಮನೆಮಾತಾಗಿ ಕನ್ನಡ ಉಳಿಸಿಕೊಂಡ ಕಪ್ಪಿಲಿಯರು, ಅಂದರೆ ಒಕ್ಕಲಿಗ ಗೌಂಡರುಗಳು, ಬೀದಿಗೆ ಬಂದರೆ ಅವರಿಗೂ ಅದೇ ತಮಿಳು ಇನಿಷಿಯಲ್. ಗುರುತಿಗೆಂದು ಅಂಟಿಸುವ ಹೆಸರು ಮಾತ್ರ ಸತ್ತಿಲ್ಲ. ಪಣ್ಣೈಪುರದ ರಾಜ 1976ರಲ್ಲಿ 'ಅನ್ನಕ್ಕಿಳಿ' ಚಿತ್ರಕ್ಕೆ ಸಂಗೀತ ಕೊಟ್ಟಾಗ ಗಾಯಕ ಎ.ಎಂ. ರಾಜಾ ಆಗಲೇ ಪ್ರಸಿದ್ಧರು. ಹಾಗಾಗಿ ಈತ 'ಇಳೈಯ' ರಾಜ, ಕಿರಿಯ ರಾಜ. ರೋಮನ್ನರೂ ಇಂಥಲ್ಲಿ 'ಮೈನರ್' ಎಂದೇ ಸೇರಿಸುತ್ತಿದ್ದರು.

ಹೆಂಗಸರ ಪಾಲಿಗೆ ರೋಮ್ ಜಿಪುಣ. ಟುಲ್ಲಿಯಸ್ ಕುಲದ ಮಗಳು ಟುಲ್ಲಿಯಾ, ಮುಗಿಯಿತು. ಅಕ್ಕತಂಗಿಯರಿದ್ದರೆ ದೊಡ್ಡವಳು, ಚಿಕ್ಕವಳು.

ಹೆಸರಿನ ಮುಂದೆ ಊರನ್ನಿಡುವ ರೂಢಿಯೂ ಇಲ್ಲಿ ಹಳೆಯದು. ತೇನಿ ಜಿಲ್ಲೆಯ ಪುಲಿಮಾನ್‌ಕೊಂಬೈಯಲ್ಲಿ 2006ರಲ್ಲಿ ತಮಿಳು ಬ್ರಾಹ್ಮಿಯ ವೀರಗಲ್ಲುಗಳು ಸಿಕ್ಕವು. ಒಂದರ ಮೇಲೆ, ಕೂಡಲೂರಿನ ತುರುಗೊಳ್‌ನಲ್ಲಿ (ದನಗಳಿಗಾಗಿ ನಡೆದ ಕಾಳಗದಲ್ಲಿ) ಮಡಿದವನ ಹೆಸರಿದೆ: ಪೇಡು ತೀಯನ್ ಅಂತವನ್. ಪೇಡು ಊರು, ಆಮೇಲೆ ಆಳು. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಎನ್ನುವಾಗ ನಾವೂ ಊರಿನಿಂದಲೇ ಶುರುಮಾಡುತ್ತೇವೆ. ದತ್ತಾತ್ರೇಯ ರಾಮಚಂದ್ರ ಬೇಂದ್ರೆ ಎಂದರೆ ಮಾತ್ರ ನಾವು ರೋಮಿನ ಹತ್ತಿರ ಬಂದೆವು: ಮೊದಲು ತನ್ನದು, ನಡುವೆ ಅಪ್ಪ, ಕೊನೆಗೆ ಮನೆತನ.

ರೋಮಿನಲ್ಲಿ ಬಿಡುಗಡೆ ಪಡೆದ ಗುಲಾಮ ಒಡೆಯನ ಹೆಸರು ಹೊರುತ್ತಿದ್ದ. ಸಿಸೆರೋನ ಲಿಪಿಕಾರ ಟೈರೋ ಹೀಗೇ ಮಾರ್ಕಸ್ ಟುಲ್ಲಿಯಸ್ ಟೈರೋ ಆದದ್ದು. ಕಂಬಂ ಕಣಿವೆಯಲ್ಲಿ ಯಾರ ಕಟ್ಟಳೆಯೂ ಇಲ್ಲದೆ ಒಂದು ಹೆಸರು ಬೇರೂರಿದೆ. 1895ರಲ್ಲಿ ಮುಲ್ಲಪೆರಿಯಾರ್ ಅಣೆಕಟ್ಟು ಮುಗಿಸಿ ಪಶ್ಚಿಮಕ್ಕೆ ಹರಿಯುವ ಪೆರಿಯಾರ್ ನದಿಯ ನೀರನ್ನು ಸುರಂಗದ ಮೂಲಕ ಈ ಕಣಿವೆಗೆ ತಿರುಗಿಸಿದ ಎಂಜಿನಿಯರ್ ಜಾನ್ ಪೆನ್ನಿಕ್ವಿಕ್. ರೈತರು ಮಕ್ಕಳಿಗೆ ಜಾನ್ ಎಂದಿಡಲಿಲ್ಲ, ಆತನ ಮನೆತನದ ಹೆಸರನ್ನೇ ಕರೆಯುವ ಹೆಸರಾಗಿ ಇಟ್ಟರು. ತೇನಿಯಲ್ಲಿ ಪೆನ್ನಿಕ್ವಿಕ್ ಎಂಬವನು ಸಿಕ್ಕರೆ ಯಾವ ದೇಶದವನಪ್ಪಾ ಎಂದು ಬೆರಗಾಗಬೇಡಿ. ಇನಿಷಿಯಲ್ ಏನು ಎಂದು ಕೇಳಿ, ಅಪ್ಪನ ಹೆಸರು ಹೇಳುತ್ತಾನೆ.