ಗೋಡೆಯ ಕೆಲಸದ ನಡುವೆ ಎದ್ದ ಕೂಗು: ನೆಹೆಮೀಯನ ಗ್ರಂಥವೂ ನಮ್ಮ ಸಮುದಾಯ ಭವನಗಳೂ

ಕ್ರೈಸ್ತ ಸಭೆಯೊಂದು ಸಮುದಾಯ ಭವನವನ್ನು ಕಟ್ಟಲು ಹೊರಟಾಗ ನಕ್ಷೆಗಿಂತ ಮೊದಲು ಸಿದ್ಧವಾಗುವುದು ವಿನಂತಿಪತ್ರ. ಅದರ ತಲೆಯಲ್ಲಿ ನೆಹೆಮೀಯನ ಗ್ರಂಥದ ಎರಡನೆಯ ಅಧ್ಯಾಯದ ವಾಕ್ಯವಿರುತ್ತದೆ. ಅಸ್ತಿವಾರದ ಆರಾಧನೆಯಲ್ಲಿ ಮೂರನೆಯ ಅಧ್ಯಾಯ, ಕೆಲಸಕ್ಕೆ ಅಡ್ಡಿ ಬಂದಾಗ ನಾಲ್ಕನೆಯದು, ಪ್ರತಿಷ್ಠೆಯ ದಿನ ಐವತ್ತೆರಡು ದಿನಗಳಲ್ಲಿ ಗೋಡೆ ಮುಗಿದುದನ್ನು ಹೇಳುವ ಆರನೆಯದು ಪ್ರಸಂಗಕ್ಕೆ ಒದಗುತ್ತವೆ. ಐದನೆಯ ಅಧ್ಯಾಯವನ್ನು ಇಂಥ ಸಂದರ್ಭದಲ್ಲಿ ಓದಿದ್ದನ್ನು ನಾವು ಕೇಳಿಲ್ಲ. ಈ ಬಿಟ್ಟು ಓದುವಿಕೆಯಿಂದ ಭವನದ ಯೋಜನೆಗೂ ಅದರ ಹಣಕಾಸಿಗೂ ಆಗುವ ಹಾನಿಯನ್ನು ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ಚಿಕ್ಕ ಸಭೆಗಳನ್ನು ಕಣ್ಣೆದುರಿಗೆ ಇಟ್ಟುಕೊಂಡು ಇಲ್ಲಿ ಪರಿಶೀಲಿಸುತ್ತೇವೆ.

ಮೂರನೆಯ ಅಧ್ಯಾಯವನ್ನು ಸಭೆಗಳು ಪ್ರೀತಿಸುವುದಕ್ಕೆ ಕಾರಣವಿದೆ. ಅದು ಬರಿಯ ಹೆಸರುಗಳ ಪಟ್ಟಿ. ಆದರೆ ಸ್ವಯಂಸೇವೆಯ ಯೋಜನೆಯೊಂದು ಇಷ್ಟು ವಿವರವಾಗಿ ಶಾಸ್ತ್ರದ ಬೇರೆ ಕಡೆ ದೊರೆಯುವುದು ವಿರಳ. ಮಹಾಯಾಜಕನಾದ ಎಲ್ಯಾಷೀಬನು ತಾನೇ ಕೆಲಸಕ್ಕೆ ಇಳಿಯುತ್ತಾನೆ. ಅಕ್ಕಸಾಲಿಗರೂ ಸುಗಂಧದ್ರವ್ಯದವರೂ ಕಲ್ಲು ಹೊರುತ್ತಾರೆ. ಶಲ್ಲೂಮನೊಂದಿಗೆ ಅವನ ಹೆಣ್ಣುಮಕ್ಕಳೂ ಕಟ್ಟುತ್ತಾರೆ. ಹಲವರಿಗೆ ದೊರೆತದ್ದು ಅವರವರ ಮನೆಯ ಎದುರಿನ ಭಾಗ. ಯಾರಿಗೆ ಎಲ್ಲಿ ಆಸಕ್ತಿಯಿರುವುದೆಂಬುದನ್ನು ಬಲ್ಲವನು ಮಾಡಿದ ಹಂಚಿಕೆ ಇದು. ಇಷ್ಟನ್ನು ನಮ್ಮ ಪ್ರಸಂಗಿಗಳು ಚೆನ್ನಾಗಿಯೇ ಹೇಳುತ್ತಾರೆ. ತೆಕೋವದವರ ಸಂಗತಿ ಮಾತ್ರ ಅಷ್ಟಾಗಿ ಕೇಳಿಬರುವುದಿಲ್ಲ. ಆ ಊರಿನ ಶ್ರೀಮಂತರು ಕೆಲಸಕ್ಕೆ ಹೆಗಲು ಕೊಡಲಿಲ್ಲವೆಂದು ಐದನೆಯ ವಚನ ದಾಖಲಿಸುತ್ತದೆ. ಇಪ್ಪತ್ತೇಳನೆಯ ವಚನಕ್ಕೆ ಬಂದರೆ ಅದೇ ತೆಕೋವದ ಸಾಮಾನ್ಯ ಜನರು ಇನ್ನೊಂದು ಭಾಗವನ್ನೂ ಕಟ್ಟುತ್ತಿರುತ್ತಾರೆ. ಮೇಲಿನವರು ಬಿಟ್ಟ ಹೊರೆ ಎಲ್ಲಿಗೆ ಇಳಿಯಿತೆಂಬುದನ್ನು ಗ್ರಂಥಕರ್ತನು ವಿವರಿಸಬೇಕಾಗಿರಲಿಲ್ಲ.

ನಾವು ಬಳಸುವ 'ಸ್ವಯಂಸೇವೆ' ಎಂಬ ಪದದ ತೊಡಕು ಇಲ್ಲಿಯೇ ಆರಂಭವಾಗುತ್ತದೆ. ಶನಿವಾರ ಭವನದ ಕೆಲಸಕ್ಕೆ ಬರಬೇಕೆಂಬ ಪ್ರಕಟಣೆ ಎಲ್ಲರಿಗೂ ಒಂದೇ ಆಗಿ ಕೇಳಿಸಿದರೂ ಎಲ್ಲರಿಂದಲೂ ಒಂದನ್ನೇ ಕೇಳುವುದಿಲ್ಲ. ತಿಂಗಳ ಸಂಬಳದ ನೌಕರನಿಗೆ ಅದು ರಜೆಯ ಒಂದು ದಿನ. ಕಬ್ಬು ಕಡಿಯುವವನಿಗೂ ಆಲೆಮನೆಯಲ್ಲಿ ಬೆಲ್ಲ ಕಾಯಿಸುವವನಿಗೂ ಅದು ಆ ದಿನದ ಕೂಲಿ. ರೇಷ್ಮೆ ಸಾಕುವ ಮನೆಯಲ್ಲಿ ಹುಳು ನಾಲ್ಕನೇ ಜ್ವರದಿಂದ ಎದ್ದಿದ್ದರೆ ಹಗಲಿರುಳು ಸೊಪ್ಪು ಹಾಕಬೇಕಾದ ಹೆಂಗಸು ಆ ವಾರ ಎಲ್ಲಿಗೂ ಹೋಗುವಂತಿಲ್ಲ. ಹೋದರೆ ಇಡೀ ಬೆಳೆಯೇ ಕೈಬಿಡಬಹುದು. ಬಾರದವಳನ್ನು ಭಕ್ತಿ ಸಾಲದವಳೆಂದು ಎಣಿಸುವುದು ಸುಲಭ.

ಇದಕ್ಕಿಂತ ಆಳವಾದ ಮಾತೊಂದಿದೆ. ಈ ನಾಡಿನಲ್ಲಿ ಕೂಲಿಯಿಲ್ಲದ ದುಡಿಮೆಗೆ ಹಳೆಯ ಹೆಸರು ಬಿಟ್ಟಿ. ಸಂಸ್ಕೃತದ 'ವಿಷ್ಟಿ'ಯಿಂದ ಬಂದದ್ದು. ಗೌಡರ ಮನೆಗೆ, ಚಾವಡಿಗೆ, ದೇವಸ್ಥಾನಕ್ಕೆ ತಲೆಮಾರುಗಳ ಕಾಲ ಬಿಟ್ಟಿ ಚಾಕರಿ ಮಾಡಿದವರ ಮಕ್ಕಳು ನಮ್ಮ ಸಭೆಗಳಲ್ಲಿದ್ದಾರೆ. ಜೀತಪದ್ಧತಿಯನ್ನು ಕಾನೂನು ರದ್ದುಪಡಿಸಿದ್ದು 1976ರಲ್ಲಿ; ನೆನಪು ರದ್ದಾಗಲು ಅಷ್ಟು ಸಾಲದು. ಅದೇ ಹಳ್ಳಿಗಳು ಮುಯ್ಯಾಳನ್ನೂ ಬಲ್ಲವು: ಇಂದು ನಿನ್ನ ನಾಟಿಗೆ ನಾನು, ನಾಳೆ ನನ್ನ ಕಟಾವಿಗೆ ನೀನು. ಮುಯ್ಯಾಳಿನಲ್ಲಿಯೂ ಹಣ ಕೈ ಬದಲಾಗುವುದಿಲ್ಲ, ಆದರೆ ಅಲ್ಲಿ ಲೆಕ್ಕವಿದೆ, ಮರಳಿ ಬರುವ ಭರವಸೆಯಿದೆ, ಇಬ್ಬರೂ ಒಂದೇ ನೆಲದ ಮೇಲೆ ನಿಂತಿರುತ್ತಾರೆ. ಸಭೆಯು ಕರೆಯುವ ಸೇವೆ ಇವೆರಡರಲ್ಲಿ ಯಾವುದಕ್ಕೆ ಹತ್ತಿರವೆಂಬುದನ್ನು ವೇದಿಕೆಯಿಂದ ತೀರ್ಮಾನಿಸಲಾಗದು. ಗಾರೆ ಹೊತ್ತವನು ತನ್ನ ಮಗಳ ಮದುವೆಗೆ ಆ ಭವನವನ್ನು ಕೇಳಿದಾಗ ಯಾವ ಬಾಡಿಗೆ ಹೇಳುತ್ತಾರೆಂಬುದರಿಂದ ಅದು ತಿಳಿಯುತ್ತದೆ.

ಶಾಸ್ತ್ರವು ಈ ಭೇದವನ್ನು ಚೆನ್ನಾಗಿಯೇ ಬಲ್ಲದು. ವಿಮೋಚನಕಾಂಡದಲ್ಲಿ ದೇವದರ್ಶನದ ಗುಡಾರಕ್ಕೆ ಜನರು ಮನಃಪೂರ್ವಕವಾಗಿ ತಂದ ಕಾಣಿಕೆ ಹೆಚ್ಚಾಗಿ, ಇನ್ನು ತರಬೇಡಿರೆಂದು ಮೋಶೆಯು ಸಾರಿಸಬೇಕಾಯಿತು. ಸೊಲೊಮೋನನ ಆಲಯಕ್ಕಾದರೋ ಮೂವತ್ತು ಸಾವಿರ ಜನರನ್ನು ಹಿಡಿದು ತಿಂಗಳಿಗೆ ಹತ್ತು ಸಾವಿರದಂತೆ ಲೆಬನೋನಿಗೆ ಕಳುಹಿಸಲಾಯಿತು. ಹೀಬ್ರೂವಿನ 'ಮಸ್' ಎಂಬುದಕ್ಕೆ ಬಿಟ್ಟಿಯೆಂಬುದಕ್ಕಿಂತ ನೇರವಾದ ಕನ್ನಡ ಪದವಿಲ್ಲ. ಇಸ್ರಾಯೇಲ್ಯರನ್ನು ಅರಸನು ದಾಸರನ್ನಾಗಿ ಮಾಡಲಿಲ್ಲವೆಂದು ಒಂದನೆಯ ಅರಸುಗಳ ಒಂಬತ್ತನೆಯ ಅಧ್ಯಾಯ ಸಮಜಾಯಿಷಿ ನೀಡುತ್ತದೆ. ಹನ್ನೆರಡನೆಯದರಲ್ಲಿ ಬಿಟ್ಟಿಯ ಮೇಲ್ವಿಚಾರಕನ ಮೇಲೆ ಕಲ್ಲೆಸೆದ ಜನರಿಗೆ ಆ ಸಮಜಾಯಿಷಿ ಒಪ್ಪಿಗೆಯಾಗಿರಲಿಲ್ಲ.

ಈಗ ಐದನೆಯ ಅಧ್ಯಾಯಕ್ಕೆ ಬರೋಣ. ಗೋಡೆ ಏರುತ್ತಿದೆ. ಆಗ ಜನರೂ ಅವರ ಹೆಂಡಿರೂ ಕೂಗಿಕೊಳ್ಳುತ್ತಾರೆ, ಕೂಗು ವೈರಿಗಳ ವಿರುದ್ಧವಲ್ಲ, ಸಹೋದರರ ವಿರುದ್ಧ. ಹೊಟ್ಟೆಗೆ ಧಾನ್ಯವಿಲ್ಲ, ಹೊಲ, ತೋಟ, ಮನೆ ಒತ್ತೆಬಿದ್ದಿವೆ, ಕಂದಾಯಕ್ಕೆ ಸಾಲವಾಗಿದೆ, ಹೆಣ್ಣುಮಕ್ಕಳು ದಾಸಿಯರಾಗಿದ್ದಾರೆ. ಹೆಂಡಿರನ್ನು ಗ್ರಂಥವು ಪ್ರತ್ಯೇಕವಾಗಿ ಹೆಸರಿಸಿದ್ದನ್ನು ಗಮನಿಸಬೇಕು. ಮನೆಯ ಸಾಲ ಮೊದಲು ತಿಳಿಯುವುದು ಒಲೆಯ ಮುಂದೆ. ಮಳವಳ್ಳಿಯ ಯಾವ ಸ್ವಸಹಾಯ ಸಂಘದ ಹೆಂಗಸಿಗೂ ಇದಕ್ಕೆ ವ್ಯಾಖ್ಯಾನ ಬೇಕಾಗದು. ಕಿರುಸಾಲದ ವಸೂಲಿಯಲ್ಲಿ ನಡೆಯುವ ಬಲಾತ್ಕಾರವನ್ನು ತಡೆಯಲು ರಾಜ್ಯ ಸರ್ಕಾರವು 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು. ವಾರದ ಕಂತಿಗಾಗಿ ಒಂದು ಸಂಘದಿಂದ ತಂದು ಇನ್ನೊಂದಕ್ಕೆ ಕಟ್ಟುತ್ತಿರುವವಳ ಮುಂದೆ ನಾವು ಭವನದ ವಾಗ್ದಾನ ಪತ್ರವನ್ನು ಹಿಡಿಯುತ್ತೇವೆ. ಆಕೆ ಇಲ್ಲವೆನ್ನಳು. ಬರೆದುಕೊಟ್ಟ ಮೊತ್ತ ಎಲ್ಲಿಂದ ಬಂದೀತೆಂಬುದು ಸಮಿತಿಯ ಕಡತದಲ್ಲಿ ಇರುವುದಿಲ್ಲ.

ನೆಹೆಮೀಯನು ಮಾಡಿದ್ದೇನು? ಕೂಗಿದವರಿಗೆ ತಾಳ್ಮೆಯನ್ನು ಬೋಧಿಸಲಿಲ್ಲ. ಮಹಾಸಭೆಯನ್ನು ಕೂಡಿಸಿ ಮುಖಂಡರನ್ನು ಎಲ್ಲರೆದುರಿಗೆ ಕೇಳಿದನು. ತಾನೂ ತನ್ನ ಸಹೋದರರೂ ಸಾಲ ಕೊಟ್ಟವರೇ ಎಂದು ಒಪ್ಪಿದನು. ಹೊಲಮನೆಗಳನ್ನೂ ಬಡ್ಡಿಯನ್ನೂ ಹಿಂದಿರುಗಿಸುವಂತೆ ಆಣೆಯಿಡಿಸಿದನು. ಹನ್ನೆರಡು ವರ್ಷ ಅಧಿಪತಿಗೆ ಸಲ್ಲುವ ಆಹಾರದ ಭತ್ಯವನ್ನು ಮುಟ್ಟಲಿಲ್ಲ, ಗೋಡೆಯ ಕೆಲಸದಲ್ಲಿ ನಿಂತಿದ್ದಾಗ ಜಮೀನು ಕೊಳ್ಳಲಿಲ್ಲ. 2023ರ ಮಾರ್ಚಿನಲ್ಲಿ ಬೆಂಗಳೂರು–ಮೈಸೂರು ದಶಪಥದ ಉದ್ಘಾಟನೆ ನಡೆದದ್ದು ಇದೇ ಮಂಡ್ಯ ಜಿಲ್ಲೆಯಲ್ಲಿ. ಹೆದ್ದಾರಿಯ ಪಕ್ಕದ ನೆಲದ ಮಾತು ಬಂದಾಗ ಸಭೆಯ ಮುಖಂಡರ ಕಿವಿಯೂ ನೆಟ್ಟಗಾಗುವುದನ್ನು ಬಲ್ಲವರಿಗೆ ಈ ಕೊನೆಯ ವಿವರ ಸಣ್ಣದಾಗಿ ಕಾಣದು.

ಒಂದು ಆಕ್ಷೇಪವನ್ನು ಇಲ್ಲಿ ಪರಿಗಣಿಸಬೇಕು. ಐವತ್ತೆರಡು ದಿನಗಳ ಅವಸರದಲ್ಲಿ ಇಂಥ ಮಹಾಸಭೆ ನಡೆದಿರಲಾರದು, ಹನ್ನೆರಡು ವರ್ಷಗಳ ಪ್ರಸ್ತಾಪವೂ ಇರುವುದರಿಂದ ಈ ಭಾಗವು ನಂತರದ ಕಾಲದ್ದು, ಇಲ್ಲಿ ತಂದು ಸೇರಿಸಲಾಗಿದೆ ಎಂದು ಹಲವು ವಿದ್ವಾಂಸರ ಅಭಿಪ್ರಾಯ. ಅದು ನಿಜವಿರಬಹುದು. ನಿಜವಾದರೆ ನಮ್ಮ ವಾದಕ್ಕೆ ಬಲವೇ ಬರುತ್ತದೆ: ಕಟ್ಟಡದ ವೃತ್ತಾಂತವನ್ನು ಮುರಿದು ನಡುವೆ ಸಾಲದ ಕೂಗನ್ನು ಇರಿಸಿದವನು ಅದನ್ನು ತಿಳಿದೇ ಇರಿಸಿದನು. ಅವನು ಸೇರಿಸಿದ್ದನ್ನು ನಾವು ತೆಗೆದು ಓದುತ್ತಿದ್ದೇವೆ.

ಹಣ ಹೊರಗಿನಿಂದ ಬಂದೀತೆಂಬ ನಿರೀಕ್ಷೆಗೆ ಈಗ ಎಡೆ ಕಡಮೆ. ಸಂಸದರ ಪ್ರದೇಶಾಭಿವೃದ್ಧಿ ನಿಧಿಯನ್ನು ಧಾರ್ಮಿಕ ಸಂಸ್ಥೆಯ ನೆಲದಲ್ಲಿ ವೆಚ್ಚಮಾಡಲು ನಿಯಮ ಒಪ್ಪುವುದಿಲ್ಲ. ವಿದೇಶಿ ವಂತಿಗೆ ಕಾಯಿದೆಗೆ 2020ರಲ್ಲಿ ಆದ ತಿದ್ದುಪಡಿಯ ಬಳಿಕ ಒಂದು ಸಂಸ್ಥೆಯು ಪಡೆದ ನೆರವನ್ನು ಇನ್ನೊಂದಕ್ಕೆ ದಾಟಿಸುವಂತಿಲ್ಲ. ಆದುದರಿಂದ ಭವನವು ಈ ಜನರ ಕೈಯಿಂದಲೇ ಏಳಬೇಕು. ಅವರ ಕೈಯ ಕಾಲಕ್ರಮವನ್ನು ತಿಳಿಯದ ಯೋಜನೆ ಯೋಜನೆಯಲ್ಲ. ತಿಂಗಳಿಗಿಷ್ಟು ಎಂಬ ವಾಗ್ದಾನ ಸಂಬಳದವರ ಪಂಚಾಂಗ. ಕಬ್ಬಿನ ಹಣವನ್ನು ಹದಿನಾಲ್ಕು ದಿನದೊಳಗೆ ಪಾವತಿಸಬೇಕೆಂದು 1966ರ ಆದೇಶ ಹೇಳಿದರೂ ರೈತನು ಅದನ್ನು ನಂಬಿ ದಿನ ಗೊತ್ತುಮಾಡುವುದಿಲ್ಲ. ಮಂಡ್ಯದ ಮೈಷುಗರ್ ಹಲವು ವರ್ಷ ನಿಂತು 2022ರಲ್ಲಿ ಮತ್ತೆ ಕಬ್ಬು ಅರೆಯತೊಡಗಿದ್ದನ್ನು ಅವನು ಕಂಡಿದ್ದಾನೆ. ಗೂಡು ಮಾರಿದಾಗ, ಕಬ್ಬಿನ ಹಣ ಕೈಸೇರಿದಾಗ, ಸುಗ್ಗಿಹಬ್ಬದ ಹರಾಜಿನಲ್ಲಿ — ಹೀಗೆ ಬೆಳೆಗನುಸಾರವಾಗಿ ಬರುವ ಕಾಣಿಕೆಯ ಅಳತೆಗೆ ಕಟ್ಟಡದ ಹಂತಗಳನ್ನು ಹೊಂದಿಸಬಹುದು. ಕೂಲಿಯವರ ಒಂದು ದಿನದ ದುಡಿಮೆಯನ್ನು ಆ ದಿನದ ಕೂಲಿಯ ದರದಲ್ಲಿಯೇ ಕಾಣಿಕೆಯ ಪುಸ್ತಕದಲ್ಲಿ ಬರೆದು, ವಾರ್ಷಿಕ ವರದಿಯಲ್ಲಿ ದಾನಿಗಳ ಸಾಲಿನಲ್ಲಿ ಅವರ ಹೆಸರನ್ನು ಓದಬಹುದು. ಇದರಿಂದ ಭವನ ಏಳಲು ಐವತ್ತೆರಡು ದಿನವಲ್ಲ, ಐದಾರು ವರ್ಷ ಹಿಡಿದೀತು. ಹಿಡಿಯಲಿ.

ನೆಹೆಮೀಯನನ್ನು ನಾವು ಇಡಿಯಾಗಿ ಅನುಸರಿಸಬೇಕೆಂದು ಹೇಳುತ್ತಿಲ್ಲ. ಅವನ ಗೋಡೆ ಹೊರಗಿನವರಿಗೆ ಪಾಲಿಲ್ಲವೆಂದು ಸಾರುವ ಗೋಡೆ. ಹದಿಮೂರನೆಯ ಅಧ್ಯಾಯದಲ್ಲಿ ಅನ್ಯಜನಾಂಗದ ಸ್ತ್ರೀಯರನ್ನು ಮದುವೆಯಾದವರ ಮೇಲೆ ಅವನು ತೋರಿದ ಕಠೋರತೆಯನ್ನು ಓದುವಾಗ ನಮಗೆ ಸಂಕಟವಾಗುತ್ತದೆ. ಕ್ರೈಸ್ತರು ನೂರಕ್ಕೆ ಒಬ್ಬರಷ್ಟೂ ಇಲ್ಲದ ಮಂಡ್ಯ ಜಿಲ್ಲೆಯಲ್ಲಿ ಸಮುದಾಯವೆಂಬ ಪದ ಸಭೆಯ ಗೋಡೆಯೊಳಗೆ ಮುಗಿಯಲಾರದು. ನೆರೆಯವರ ನಾಮಕರಣಕ್ಕೂ ತಿಥಿಯೂಟಕ್ಕೂ ಅದು ತೆರೆದಿರಬೇಕು.

ಆದರೂ ಅದೇ ಹದಿಮೂರನೆಯ ಅಧ್ಯಾಯದಲ್ಲಿ ಭವನಗಳ ಸಮಿತಿಗೆ ಬೇಕಾದ ಇನ್ನೊಂದು ಸಂಗತಿ ಉಳಿದಿದೆ. ನೆಹೆಮೀಯನು ಊರಲ್ಲಿಲ್ಲದಾಗ ಯಾಜಕನಾದ ಎಲ್ಯಾಷೀಬನು ಆಲಯದ ದೊಡ್ಡ ಕೋಣೆಯೊಂದನ್ನು ತನ್ನ ನಂಟನಾದ ಟೋಬೀಯನಿಗೆ ಬಿಟ್ಟುಕೊಟ್ಟಿದ್ದನು. ಅದು ಧಾನ್ಯ, ದ್ರಾಕ್ಷಾರಸ, ಎಣ್ಣೆ ಇಡುತ್ತಿದ್ದ ಕೋಣೆ, ಆರಾಧನೆಯ ಕೆಲಸ ಮಾಡುವವರಿಗೆ ಸಲ್ಲಬೇಕಾದ ಪಾಲಿನ ಉಗ್ರಾಣ. ಹಿಂತಿರುಗಿದ ನೆಹೆಮೀಯನು ಟೋಬೀಯನ ಸಾಮಾನನ್ನೆಲ್ಲ ಹೊರಗೆ ಎಸೆಸಿದನು. ಅನಂತರ ವಿಚಾರಿಸಿದಾಗ ತಿಳಿದುಬಂದದ್ದು: ತಮ್ಮ ಪಾಲು ದೊರೆಯದೆ ಲೇವಿಯರೂ ಗಾಯಕರೂ ಕೆಲಸ ಬಿಟ್ಟು ತಮ್ಮ ತಮ್ಮ ಹೊಲಗಳಿಗೆ ಹೊರಟುಹೋಗಿದ್ದರು.